ಮೂರನೇ ಬಾಗಿಲು

ಪಾಂಡವಪುರ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ನಿಂತದ್ದು ಎರಡೇ ನಿಮಿಷ.
ಇಳಿದಳು ಜಸಿಂತಾ. ಕೈಯಲ್ಲಿ ಚೀಲವಿಲ್ಲ,
ಯಾರದೋ ಚಪ್ಪಲಿ, ಯಾರದೋ ಸ್ವೆಟರು.
ನರ್ಸಿಂಗ್ ಹಾಸ್ಟೆಲಿನ ಮಹಡಿ ಸುಟ್ಟು
ಒಂಬತ್ತು ದಿನವಾಗಿತ್ತು.
ನಾನು ಇನ್ನಾಸಪ್ಪ, ಚರ್ಚಿನ ಗಂಟೆ ಹೊಡೆಯುವವನು,
ಆಟೋ ಮಾಡಿಕೊಂಡು ಹೋಗಿದ್ದೆ.
ಹೆಂಗಿದ್ದೀಯವ್ವ ಅನ್ನಲು ಬಾಯಿ ತೆರೆದವನು
ಮಾತು ತಪ್ಪಿ "ಉಂಡ್ಯಾ?" ಅಂದೆ.
ತಲೆಯಾಡಿಸಿದಳು.
ಹೌದೆಂದೋ ಇಲ್ಲವೆಂದೋ ಇವತ್ತಿಗೂ ಗೊತ್ತಿಲ್ಲ.

ಶನಿವಾರ ಫಾದರ್ ಮನೆಯ ಜಗಲಿಯಲ್ಲಿ ಸಭೆ.
ಫಾದರ್ ಹರೆಯದವರು, ಹುರುಪಿನವರು:
ಕೃತಜ್ಞತೆಯ ಪೂಜೆ ಇಡೋಣ, ಬ್ಯಾನರು ಕಟ್ಟೋಣ,
ಮಗು ಎರಡು ಮಾತು ಸಾಕ್ಷಿ ಹೇಳಲಿ,
ಉರಿಯೊಳಗಿಂದ ದೇವರು ಹೇಗೆ ಎತ್ತಿದನೆಂದು.
ಸೊಪ್ಪು ಬಿಡಿಸುತ್ತಿದ್ದ ಸಹಾಯಮ್ಮ ತಲೆ ಎತ್ತದೆ ಕೇಳಿದಳು:
"ಹಂಗಾರೆ ಆ ಆರು ಮಕ್ಕಳ್ನ ಯಾಕ್ ಎತ್ನಿಲ್ಲ ಅಂತ
ಅವಳ್ನೇ ಕೇಳೀರಾ, ಫಾದರ್?"
ಆಮೇಲೆ ಬಹಳ ಹೊತ್ತು
ಬರೀ ದಂಟು ಮುರಿಯುವ ಸದ್ದು.

ಬ್ಯಾನರಿನ ದುಡ್ಡಿಗೆ ಚಪ್ಪಲಿ ಬಂತು, ಅವಳ ಅಳತೆಯದು.
ಮಿಕ್ಕದ್ದು ಮೈಸೂರಿನ ಬಸ್ ಛಾರ್ಜಿಗೆ,
ವಾರಕ್ಕೊಮ್ಮೆ, ದೊಡ್ಡಾಸ್ಪತ್ರೆಯ ಮನಸ್ಸಿನ ಡಾಕ್ಟರ ಬಳಿಗೆ.
ಜೊತೆಗೆ ಹೋಗುವವಳು ಸಹಾಯಮ್ಮ.
ಹೊರಗಿನ ಬೆಂಚಿನಲ್ಲಿ ಕೂತಿದ್ದು ಬರುತ್ತಾಳೆ,
ಒಳಗಿನ ಮಾತು ಕೇಳುವವಳಲ್ಲ.

ಮೊದಲ ಭಾನುವಾರ, ಧೂಪಕ್ಕೆ ಕೆಂಡ ಊದುವಾಗ
ಅವಳ ಬೆರಳು ಬೆಂಚಿನಂಚು ಹಿಡಿದದ್ದು ಕಂಡೆ.
ಎದ್ದಳು. ಓಡಲಿಲ್ಲ. ಎಣಿಸಿದಳು:
ಮುಂಬಾಗಿಲು ಒಂದು,
ಉಡುಪಿನ ಕೋಣೆಯದು ಎರಡು,
ತೆಂಕಣ ಗೋಡೆಯದು ಮೂರು.
ಮೂರನೆಯದಕ್ಕೆ ಬೀಗ. ನಮ್ಮಪ್ಪನ ಕಾಲದ ಬೀಗ.
ಅದಕ್ಕೆ ಅಡ್ಡಲಾಗಿ ಮುರಿದ ಕುರ್ಚಿ, ಗೋದಲಿಯ ಒಂಟೆ,
ಶಾಮಿಯಾನದ ಗಳುಗಳು.
ಬೀಗ ನೋಡಿದ ಆ ನೋಟ ತಿರುಗಿ
ನನ್ನ ಸೊಂಟದ ಕೀಲಿಗೊಂಚಲಿಗೆ ತಾಗಿತು.

ಅವತ್ತೇ ಸಂಜೆ ಹರಳೆಣ್ಣೆ ಬಿಟ್ಟು, ಸುತ್ತಿಗೆ ಹಾಕಿ ತೆಗೆದೆ.
ಆಚೆಗೆ ಭತ್ತದ ಗದ್ದೆ. ಗಾಳಿ ನುಗ್ಗಿ
ಪೀಠದ ಬಟ್ಟೆ ಎತ್ತಿತು.
ಕೀಲಿಯನ್ನು ಅವಳ ಅಂಗೈಗಿಟ್ಟೆ:
"ಇಟ್ಕಳವ್ವ. ಇನ್ಮೇಕೆ ಇದ್ನ ನೀನೇ ತಗೀಬೇಕು."

ಧೂಪ ನಿಂತಿತು. ಮೇಣದ ಬತ್ತಿಗಳು ಅಂಗಳದ ಗವಿಗೆ ಹೋದವು.
ಧೂಪ ಇಲ್ದಿದ್ರೆ ಅದ್ಯಾತರ ಪೂಜೆ ಅಂತ
ಚೌರಪ್ಪಜ್ಜ ಗೊಣಗಿದ.
ಮುಂದಿನ ವಾರ ಬಾಗಿಲ ಪಕ್ಕದ ತನ್ನ ಜಾಗ ಬಿಟ್ಟು
ಸರಿದು ಕೂತ, ಗೊಣಗುತ್ತಲೇ.
ಗಂಟೆ ನಿಲ್ಲಿಸಲಾಗದು. ಅದಕ್ಕೇ ಈಗ ಹಗ್ಗ ಎಳೆಯುವ ಮೊದಲು
ಮೂರು ಸಲ ಜೋರಾಗಿ ಕೆಮ್ಮುತ್ತೇನೆ.
ಊರಿನವರು ನನಗೆ ದಮ್ಮು ಅಂದುಕೊಂಡಿದ್ದಾರೆ.

ಆದರೆ ಆಲೆಮನೆಯ ಹೊಗೆಯನ್ನು ಯಾವ ಪಾದ್ರಿ ತಡೆದಾನು?
ಜೋಗೇಗೌಡನ ಹತ್ತಿರ ಹೋದೆ, ಟವೆಲ್ಲು ಕೈಯಲ್ಲಿ ಹಿಡಿದು.
"ಕೊಪ್ಪರಿಗೆ ಏರಿಸ್ದ ಮ್ಯಾಲೆ ಇಳಿಸಾಕಾಯ್ತದಾ ಇನ್ನಾಸಣ್ಣ?
ಹಾಲು ಹುಳಿ ಬತ್ತದೆ," ಅಂದ. ನಿಜವೇ.
ಆದರೂ ಭಾನುವಾರ ಹತ್ತು ಗಂಟೆಯವರೆಗೆ
ಅವನ ಚಿಮಣಿಯ ಮೇಲೆ ಬರೀ ಆಕಾಶ.
ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ವಾಸಿಯಾದಳೋ ಇಲ್ಲವೋ, ನಾನು ಡಾಕ್ಟರಲ್ಲ.
ಒಂದೊಂದು ವಾರ ಬರುವುದೇ ಇಲ್ಲ.
ಸಹಾಯಮ್ಮ ಬಸ್ಸಾರಿನ ಪಾತ್ರೆ ಅವರ ಹೊಸಿಲಲ್ಲಿಟ್ಟು
ಕದ ಬಡಿಯದೆ ವಾಪಸಾಗುತ್ತಾಳೆ.
ಪಾತ್ರೆ ಒಮ್ಮೊಮ್ಮೆ ತೊಳೆದು ಬರುತ್ತದೆ,
ಒಮ್ಮೊಮ್ಮೆ ಇಟ್ಟಲ್ಲೇ ಇರುತ್ತದೆ.

ಸತ್ತವರ ಹಬ್ಬದ ದಿನ ಒಂದು ಚೀಟಿ ತಂದಳು.
ಆರು ಹೆಸರು, ಪೆನ್ಸಿಲ್ಲಿನಲ್ಲಿ.
ಓದಲು ನನಗೇ ಕೊಟ್ಟಳು.
ಐದು ಹೇಗೋ ದಾಟಿದೆ. ಆರನೆಯದು ಮಿಜೋರಾಮಿನ ಹುಡುಗಿಯದು,
ನಾಲಿಗೆ ಎಡವಿತು, ಮತ್ತೆ ಎಡವಿತು.
ಬಾಗಿಲ ಪಕ್ಕದಿಂದ ದನಿ ಬಂತು,
ಇಷ್ಟು ತಿಂಗಳಿಗೆ ಮೊದಲ ಸಲ:
"ಲಾಲ್‌ರಿನ್‌ಪುಯಿ.
ನಾವು ಪುಯಿ ಅಂತಿದ್ವಿ. ಹಂಗೇ ಓದಿ."
ಹಾಗೇ ಓದಿದೆ.
ಮೂರನೇ ಬಾಗಿಲಲ್ಲಿ ಜೋಗೇಗೌಡನ ಕರುವೊಂದು
ಒಳಗೆ ಕತ್ತು ಚಾಚಿ ನಿಂತಿತ್ತು.
ಯಾರೂ ಓಡಿಸಲಿಲ್ಲ.